ಬೀದರ್ ಗಡಿಸೀಮೆಯ ಕನ್ನಡ ಸಂಸ್ಥೆಗಳು

ಹೈದರಾಬಾದ್ ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಬೀದರ್, ಭಾಲ್ಕಿ ಮತ್ತು ಔರಾದ್ ಪರಿಸರದಲ್ಲಿ ಕನ್ನಡದ ಓದುಬರಹವನ್ನು ಉಳಿಸುವ ಸಲುವಾಗಿ ಹುಟ್ಟಿ, 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯವೂ ಬಾಳಿಕೊಂಡು ಬಂದ ಶಾಲೆ, ಪ್ರಸಾದ ನಿಲಯ ಮತ್ತು ಮಠಗಳ ಸಮೂಹವನ್ನು ಬೀದರ್ ಗಡಿಸೀಮೆಯ ಕನ್ನಡ ಸಂಸ್ಥೆಗಳೆಂದು ಗುರುತಿಸಬಹುದು. ಮುಂಬೈ, ದೆಹಲಿ ಅಥವಾ ಅಮೆರಿಕದ ಕನ್ನಡ ಸಂಘಗಳನ್ನು ಕಟ್ಟಿದವರು ಊರು ಬಿಟ್ಟು ಹೋದವರು. ಬೀದರಿನಲ್ಲಾದರೋ ಊರು ಬಿಡದವರೇ ಅಂಥ ಸಂಘಟನೆಗೆ ಇಳಿಯಬೇಕಾಯಿತು, ಏಕೆಂದರೆ ಅಡುಗೆಮನೆಯ ಮಾತು ಕನ್ನಡವಾಗಿಯೇ ಉಳಿದಿದ್ದರೂ ಕಚೇರಿ, ನ್ಯಾಯಾಲಯ ಮತ್ತು ಪಾಠಶಾಲೆಯ ಮಾತು ಬೇರೆಯಾಗಿತ್ತು.

ಹೈದರಾಬಾದ್ ಸಂಸ್ಥಾನದಲ್ಲಿ 19ನೆಯ ಶತಮಾನದ ಕೊನೆಯ ಹೊತ್ತಿಗೆ ಆಡಳಿತದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತ್ತು. 1918ರಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನು ಉರ್ದುವಿನಲ್ಲೇ ಕೊಡತೊಡಗಿದಾಗ, ಭಾರತೀಯ ಭಾಷೆಯೊಂದು ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವಾಗಬಲ್ಲದೆಂಬುದು ಸಿದ್ಧವಾಯಿತೆಂಬುದನ್ನು ಮರೆಯಲಾಗದು. ಆದರೆ ಅದೇ ವ್ಯವಸ್ಥೆಯಲ್ಲಿ ಕನ್ನಡ, ತೆಲುಗು ಮತ್ತು ಮರಾಠಿ ಮಾತನಾಡುವ ಬಹುಸಂಖ್ಯೆಯ ಪ್ರಜೆಗಳ ಮಕ್ಕಳಿಗೆ ಮೇಲ್ದರ್ಜೆಯ ಓದು ಪರಭಾಷೆಯ ಮೂಲಕವೇ ಆಗಬೇಕಿತ್ತು. ಬೀದರ್ ಸೀಮೆಯ ಕನ್ನಡಕ್ಕೆ ಎದುರಾದದ್ದು ಉರ್ದು ಒಂದೇ ಅಲ್ಲ. ಔರಾದ್ ಮತ್ತು ಭಾಲ್ಕಿಯ ಹಳ್ಳಿಗಳಲ್ಲಿ ವ್ಯಾಪಾರದ ಲೆಕ್ಕದಿಂದ ಹಿಡಿದು ಭಜನೆಯವರೆಗೆ ಮರಾಠಿ ಬೇರೂರಿತ್ತು. ಕಪಿಲಧಾರದ ಮನ್ಮಥಸ್ವಾಮಿಯವರು ಮರಾಠಿಯಲ್ಲಿ ರಚಿಸಿದ ‘ಪರಮರಹಸ್ಯ’ದ ಪಾರಾಯಣ ಲಿಂಗಾಯತ ಮನೆಗಳಲ್ಲೂ ರೂಢಿಯಲ್ಲಿತ್ತು. ವಚನಗಳು ಹುಟ್ಟಿದ ಕಲ್ಯಾಣದ ಮಗ್ಗುಲಲ್ಲೇ ವಚನವನ್ನು ಮೂಲದಲ್ಲಿ ಓದಬಲ್ಲವರು ವಿರಳವಾಗಿದ್ದರೆಂಬುದು ಈ ಚರಿತ್ರೆಯ ವೈಚಿತ್ರ್ಯ.

ರಾಜಕೀಯ ಸಭೆಗಳಿಗೆ ನಿರ್ಬಂಧವಿದ್ದ ಸಂಸ್ಥಾನದಲ್ಲಿ ಜನರು ಭಾಷೆ ಮತ್ತು ಸಂಸ್ಕೃತಿಯ ಹೆಸರಿನಲ್ಲಿ ಒಟ್ಟುಗೂಡಿದರು. ತೆಲುಗರ ಆಂಧ್ರ ಮಹಾಸಭೆ 1930ರಲ್ಲಿ ಜೋಗಿಪೇಟೆಯಲ್ಲಿ ಸೇರಿತು. ಕನ್ನಡಿಗರ ನಿಜಾಮ ಕರ್ನಾಟಕ ಪರಿಷತ್ತಿನ ಮೊದಲ ಅಧಿವೇಶನ 1937ರಲ್ಲಿ ಬೀದರಿನಲ್ಲಿ ನಡೆಯಿತು. ಪರಿಷತ್ತು ವಿದ್ಯಾವಂತರ, ವಕೀಲರ ವೇದಿಕೆಯಾಗಿತ್ತು. ಹಳ್ಳಿಯ ಮಗುವಿನ ಕೈಗೆ ಹಲಗೆ ಬಳಪ ಕೊಡುವ ಕೆಲಸ ಬೇರೆ ಕಡೆಯಿಂದ ಆಗಬೇಕಿತ್ತು.

ಅದನ್ನು ಕೈಗೆತ್ತಿಕೊಂಡವರು ಭಾಲ್ಕಿ ಹಿರೇಮಠ ಸಂಸ್ಥಾನದ ಚನ್ನಬಸವ ಪಟ್ಟದ್ದೇವರು. ಮಠದ ಅಧಿಕಾರಕ್ಕೆ, ಅಂದರೆ ಪಟ್ಟಕ್ಕೆ, ಬಂದ ಗುರುವನ್ನು ಈ ಭಾಗದಲ್ಲಿ ಪಟ್ಟದ್ದೇವರೆಂದು ಕರೆಯುವುದು ವಾಡಿಕೆ. ಆಗ ಔರಾದ್ ಸೀಮೆಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ, ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ಅಧ್ಯಯನ ಮಾಡಿ ಬಂದಿದ್ದ ಅವರು, 1936ರಲ್ಲಿ ಕಮಲನಗರದಲ್ಲಿ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಹೊರಗೆ ಉರ್ದು ಶಾಲೆಯ ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಅವರ ಉಪಾಯ ಇಂದಿಗೂ ಜಿಲ್ಲೆಯಲ್ಲಿ ಮನೆಮಾತಾಗಿದ್ದು, ರಾಜ್ಯೋತ್ಸವದ ಭಾಷಣಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಫಲಕದ ಕಥೆಗೆ ಸಿಕ್ಕಷ್ಟು ಪ್ರಚಾರ ಅನ್ನದ ಕಥೆಗೆ ಸಿಗಲಿಲ್ಲ. ಪ್ರಸಾದ ನಿಲಯವೆಂದರೆ ವಿದ್ಯಾರ್ಥಿಗಳಿಗೆ ಉಚಿತ ಊಟ ವಸತಿ ಒದಗಿಸುವ ಮಠದ ವ್ಯವಸ್ಥೆ. ಇದಕ್ಕೆ ಬೇಕಾದ ಜೋಳ, ಬೇಳೆ ಮತ್ತು ಹಣವನ್ನು ಪಟ್ಟದ್ದೇವರು ಜೋಳಿಗೆ ಹಿಡಿದು ಊರೂರು ತಿರುಗಿ ಕೂಡಿಸಿದರು. ಕನ್ನಡ ಕಲಿತರೆ ನೌಕರಿಯ ಭರವಸೆಯಿಲ್ಲದ ಕಾಲದಲ್ಲಿ ಬಡ ರೈತರ ಮಕ್ಕಳು ಶಾಲೆಯಲ್ಲಿ ನಿಂತದ್ದಕ್ಕೆ ಭಾಷಾಭಿಮಾನಕ್ಕಿಂತ ಈ ದಾಸೋಹವೇ ಹೆಚ್ಚಿನ ಕಾರಣವೆಂದು ಹೇಳಬೇಕಾಗುತ್ತದೆ.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಾಗ ಮರೆಮಾಚಿ ಕಲಿಸುವ ಅಗತ್ಯ ಉಳಿಯಲಿಲ್ಲ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯೇ ಮೂರು ಪಾಲಾಯಿತು: ಅಹಮದ್‌ಪುರ, ನಿಲಂಗಾ ಮತ್ತು ಉದಗೀರ್ ತಾಲ್ಲೂಕುಗಳು ಮರಾಠಿ ಸೀಮೆಯೊಂದಿಗೆ ಆಗಿನ ಮುಂಬೈ ರಾಜ್ಯಕ್ಕೂ, ಜಹೀರಾಬಾದಿನ ಬಹುಭಾಗ ಮತ್ತು ನಾರಾಯಣಖೇಡ್ ಆಂಧ್ರಪ್ರದೇಶಕ್ಕೂ ಹೋಗಿ, ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಅದುವರೆಗೆ ಜಿಲ್ಲೆಯ ಒಳಗಿದ್ದ ಕಮಲನಗರ ಗಡಿಯ ಊರಾಯಿತು, ರೈಲು ಹಾದಿಯ ಮುಂದಿನ ಪೇಟೆಯಾದ ಉದಗೀರ್ ಪರರಾಜ್ಯವಾಯಿತು. ಭಾಲ್ಕಿ, ಔರಾದ್ ಭಾಗದ ಹಳ್ಳಿಗಳ ಮೇಲೆ ಮಹಾರಾಷ್ಟ್ರ ಮುಂದಿಟ್ಟ ಹಕ್ಕಿನ ವಾದ 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವನ್ನು ದಾಟಿ, 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಈ ಸಂಸ್ಥೆಗಳ ನಿಜವಾದ ಪರೀಕ್ಷೆ ಶುರುವಾದದ್ದು 1956ರ ಪುನರ್ವಿಂಗಡಣೆಯಿಂದಲೇ ಎನ್ನಬಹುದು. ಸರ್ಕಾರವೇ ಕನ್ನಡ ಶಾಲೆ ತೆರೆದ ಮೇಲೆ, ಕನ್ನಡ ಕಲಿಸಲೆಂದೇ ಹುಟ್ಟಿದ ಸಂಸ್ಥೆ ಹೊಸ ಕೆಲಸ ಹುಡುಕಿಕೊಳ್ಳಬೇಕಿತ್ತು. ಶಾಂತಿವರ್ಧಕ ಸಂಸ್ಥೆ ಉನ್ನತ ಶಿಕ್ಷಣದತ್ತ ಹೊರಳಿ, ಸ್ವಾತಂತ್ರ್ಯ ಹೋರಾಟಗಾರ ಹಾಗೂ ಮಾಜಿ ಸಚಿವ ಭೀಮಣ್ಣ ಖಂಡ್ರೆಯವರ ನೇತೃತ್ವದಲ್ಲಿ ಬೆಳೆಯಿತು; ಅದು 1982ರಲ್ಲಿ ಭಾಲ್ಕಿಯಲ್ಲಿ ತೆರೆದ ಗ್ರಾಮೀಣ ಎಂಜಿನಿಯರಿಂಗ್ ಕಾಲೇಜು ಮುಂದೆ ಖಂಡ್ರೆಯವರ ಹೆಸರು ಪಡೆಯಿತು. ಪಟ್ಟದ್ದೇವರಾದರೋ ಬಸವಕಲ್ಯಾಣದಲ್ಲಿ ಅನುಭವ ಮಂಟಪದ ನಿರ್ಮಾಣಕ್ಕೆ ನಿಂತು, ವಚನ ಪರಂಪರೆಯನ್ನು ಸಂಘಟನೆಯ ಹೊಸ ಆಧಾರವನ್ನಾಗಿಸಿದರು. ಭಾಷೆಯೊಂದನ್ನೇ ನೆಚ್ಚಿದ್ದರೆ ಮಠದ ಸುತ್ತಣ ಸಮುದಾಯ ಚದುರುತ್ತಿತ್ತೇನೋ. ಮರಾಠಿ ಮನೆಮಾತಿನ ಭಕ್ತರನ್ನೂ ಜೊತೆಗಿಟ್ಟುಕೊಳ್ಳಲು ಬಸವಣ್ಣನ ಹೆಸರೇ ನೆರವಾಯಿತು. 1999ರಲ್ಲಿ ನೂರು ವರ್ಷ ದಾಟಿದ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದ ಬಳಿಕ ಉತ್ತರಾಧಿಕಾರಿ ಬಸವಲಿಂಗ ಪಟ್ಟದ್ದೇವರು ಶಾಲೆಗಳ ಜೊತೆಗೆ ಅನಾಥ ಮಕ್ಕಳ ಪೋಷಣೆಯನ್ನೂ ಮಠದ ಕಾಯಕವನ್ನಾಗಿ ಮಾಡಿದರು.

ಬೀದರ್ ನಗರದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮೂರು ಬಾರಿ ಸೇರಿದೆ: 1960ರಲ್ಲಿ ಡಿ.ಎಲ್. ನರಸಿಂಹಾಚಾರ್ ಅವರ ಅಧ್ಯಕ್ಷತೆಯಲ್ಲಿ, 1985ರಲ್ಲಿ ಹಾ.ಮಾ. ನಾಯಕರ ಅಧ್ಯಕ್ಷತೆಯಲ್ಲಿ ಹಾಗೂ 2006ರಲ್ಲಿ ಶಾಂತರಸರ ಅಧ್ಯಕ್ಷತೆಯಲ್ಲಿ. ಕಮಲನಗರ ಈಗ ಔರಾದಿನಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾಗಿದೆ. ಬೀದರ್ ನಗರದ ಜಿಲ್ಲಾ ರಂಗಮಂದಿರಕ್ಕೆ ಚನ್ನಬಸವ ಪಟ್ಟದ್ದೇವರ ಹೆಸರಿಡಲಾಗಿದೆ.