ಲೈನ್ ಮನೆ ಎಂಬ ಸಂಪನ್ಮೂಲ: ಕೊಡಗಿನ ಕಾಫಿ ತೋಟಗಳಲ್ಲಿ ಉದ್ಯೋಗ ಸೌಲಭ್ಯ ಮತ್ತು ಮಾನಸಿಕ ಅಗತ್ಯಗಳು

ದುಡಿಯುವ ಜಾಗದಲ್ಲಿ ಸಿಗುವ ಬೆಂಬಲ, ಸೌಲಭ್ಯ ಮತ್ತು ಅವಕಾಶಗಳು, ಅಂದರೆ ಸಂಪನ್ಮೂಲಗಳು, ದುಡಿಯುವವರ ಮೂಲಭೂತ ಮಾನಸಿಕ ಅಗತ್ಯಗಳನ್ನು ತಣಿಸುತ್ತವೆ, ತಣಿದ ಅಗತ್ಯಗಳು ಉತ್ಸಾಹ ಹೆಚ್ಚಿಸಿ ಬಳಲಿಕೆ ತಗ್ಗಿಸುತ್ತವೆ. ಉದ್ಯೋಗ ಮನೋವಿಜ್ಞಾನದಲ್ಲಿ ಈ ಮಾತಿಗೆ ಈಗ ಹೆಚ್ಚಿನ ವಿರೋಧವಿಲ್ಲ. ಆದರೆ ಸಂಪನ್ಮೂಲ ಹೆಚ್ಚಿದಷ್ಟೂ ಅಗತ್ಯ ತಣಿಯುತ್ತದೆ ಎಂಬ ಒಂದೇ ದಿಕ್ಕಿನ ಸಂಬಂಧವನ್ನು ಕೊಡಗಿನ ಕಾಫಿ ತೋಟದ ಲೈನ್ ಮನೆಗೆ, ಅಂದರೆ ಮಾಲೀಕ ಕಾರ್ಮಿಕರಿಗೆ ಕೊಡುವ ಸಾಲುಮನೆಗೆ, ಅನ್ವಯಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಎಲ್ಲಿ ತಪ್ಪುತ್ತದೆ, ಏಕೆ ತಪ್ಪುತ್ತದೆ ಎಂಬುದೇ ಈ ಲೇಖನದ ವಿಷಯ.

ಹಿನ್ನೆಲೆ ಪರಿಚಿತವಾದದ್ದು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ 1985ರ ಗ್ರಂಥದಿಂದ ಮೊದಲುಗೊಂಡು ಬೆಳೆಸಿದ ಸ್ವನಿರ್ಧಾರ ಸಿದ್ಧಾಂತವು ಸ್ವಾಯತ್ತತೆ, ಸಾಮರ್ಥ್ಯ, ಬಾಂಧವ್ಯ ಎಂಬ ಮೂರು ಅಗತ್ಯಗಳನ್ನು ಎಲ್ಲ ಮನುಷ್ಯರಿಗೂ ಸಮಾನವೆಂದು ಪರಿಗಣಿಸುತ್ತದೆ. ಡೆಮೆರೂಟಿ, ಬಕ್ಕರ್ ಮತ್ತು ಸಂಗಡಿಗರು 2001ರಲ್ಲಿ ಮುಂದಿಟ್ಟ ಮಾದರಿ ಉದ್ಯೋಗದ ಎಲ್ಲ ಲಕ್ಷಣಗಳನ್ನು ಹೊರೆ ಮತ್ತು ಸಂಪನ್ಮೂಲ ಎಂದು ಎರಡಾಗಿ ವಿಂಗಡಿಸಿತು. ಇವೆರಡನ್ನೂ ಜೋಡಿಸಿದವರು ಆನ್ಯಾ ವಾನ್ ಡೆನ್ ಬ್ರೂಕ್ ಮತ್ತು ಸಂಗಡಿಗರು. ಬೆಲ್ಜಿಯಂನ ಡಚ್ ಭಾಷಿಕ ಪ್ರದೇಶದ 745 ಉದ್ಯೋಗಿಗಳ ಮಾಹಿತಿಯನ್ನು ಆಧರಿಸಿದ ಅವರ 2008ರ ಅಧ್ಯಯನವು, ಸಂಪನ್ಮೂಲಕ್ಕೂ ಬಳಲಿಕೆಗೂ ನಡುವಿನ ಸಂಬಂಧವನ್ನು ಅಗತ್ಯಗಳ ತಣಿವೇ ವಿವರಿಸುತ್ತದೆ ಎಂದು ತೋರಿಸಿತು. 2016ರಲ್ಲಿ ಅವರೇ ಬೇರೆ ಸಹೋದ್ಯೋಗಿಗಳೊಂದಿಗೆ 99 ಅಧ್ಯಯನಗಳನ್ನು ಒಟ್ಟಿಗೆ ಪರಾಮರ್ಶಿಸಿದರು. ಮೂರು ಅಗತ್ಯಗಳು ಬೆಲ್ಜಿಯಂ, ಚೀನಾ, ಅಮೆರಿಕ, ಪೆರು ದೇಶಗಳಲ್ಲಿ ಒಂದೇ ಬಗೆಯಲ್ಲಿ ಕೆಲಸ ಮಾಡುತ್ತವೆ ಎಂಬುದಕ್ಕೆ 2015ರ ಚೆನ್ ಮತ್ತು ಸಂಗಡಿಗರ ಅಧ್ಯಯನದ ಆಧಾರವಿದೆ. ಇವು ಕೊಡಗಿನ ಕೂಲಿಯವರ ಅಗತ್ಯಗಳೂ ಹೌದು ಎಂಬುದನ್ನು ನಾನು ಪ್ರಶ್ನಿಸುತ್ತಿಲ್ಲ. ನನ್ನ ತಕರಾರು ಅಗತ್ಯಗಳ ಬಗ್ಗೆ ಅಲ್ಲ, ಸಂಪನ್ಮೂಲದ ಬಗ್ಗೆ.

ಮಾದರಿ ಸರಿಯಾಗಿ ಹೊಂದುವ ಜಾಗವನ್ನು ಮೊದಲು ಒಪ್ಪಿಕೊಳ್ಳಬೇಕು. ಕೊಯ್ಲಿನ ಕಾಲದಲ್ಲಿ ಸಂಜೆ ತೂಕದ ಹೊತ್ತು ತೋಟಕ್ಕೆ ಹೋದವರಿಗೆ ಇದು ಕಣ್ಣಿಗೆ ಬೀಳುತ್ತದೆ. ಹೆಂಗಸರು ಟಾರ್ಪಾಲಿನ ಸುತ್ತ ಕೂತು ಎಲೆ, ಕಡ್ಡಿ, ಹಸಿರು ಕಾಯಿ ಆರಿಸಿ ತೆಗೆದು ಹಣ್ಣನ್ನು ಚೀಲಕ್ಕೆ ತುಂಬುತ್ತಾರೆ. ಚೀಲ ತಕ್ಕಡಿಗೆ ಏರುತ್ತದೆ, ರೈಟರ್ ಕಿಲೋ ಕೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಕೂಗಿದ ಅಂಕಿಯನ್ನು ಕೊಯ್ದವಳು ನಿನ್ನೆಯದರೊಂದಿಗೆ, ಪಕ್ಕದವಳದರೊಂದಿಗೆ ಅಲ್ಲೇ ಹೋಲಿಸುತ್ತಾಳೆ. ದುಡಿಮೆಯ ಫಲ ಆ ದಿನವೇ, ಎಲ್ಲರ ಎದುರು, ಅಂಕಿಯಾಗಿ ತಿಳಿಯುವ ಕೆಲಸಗಳು ಕಡಿಮೆ. ಸಾಮರ್ಥ್ಯದ ಅಗತ್ಯಕ್ಕೆ ಇದಕ್ಕಿಂತ ನೇರವಾದ ಪ್ರತಿಕ್ರಿಯೆಯನ್ನು ಕಚೇರಿಗಳಲ್ಲೂ ಕಾಣೆವು. ಬೆಳಗ್ಗೆ ಮೇಸ್ತ್ರಿ ಯಾರಿಗೆ ಯಾವ ಸಾಲು ಕೊಟ್ಟ ಎಂಬುದರ ಮೇಲೆ ಆ ಅಂಕಿ ನಿಂತಿದೆ ಎಂಬುದು ನಿಜ. ಫಲ ದಟ್ಟವಾದ ಸಾಲಿನ ಕಿಲೋ ಬೇರೆ, ಕಡಿದಾದ ಇಳಿಜಾರಿನ ಕಿಲೋ ಬೇರೆ. ಆದರೆ ಇದು ಹಂಚಿಕೆಯ ನ್ಯಾಯದ ಪ್ರಶ್ನೆ, ಮಾದರಿಯೊಳಗೇ ಇತ್ಯರ್ಥವಾಗುವಂಥದು. ಮರಗಸಿಯ ಕೌಶಲಕ್ಕೂ ಇದೇ ಮಾತು ಸಲ್ಲುತ್ತದೆ. ಎತ್ತರದ ಮರ ಹತ್ತಿ ಎಷ್ಟು ನೆರಳು ಬಿಡಬೇಕು, ಎಷ್ಟು ತೆಗೆಯಬೇಕು ಎಂದು ನಿರ್ಧರಿಸುವವನ ಪರಿಣತಿಗೆ ತೋಟದಲ್ಲಿ ಮರ್ಯಾದೆಯಿದೆ, ಅಪಾಯವೂ ಅಷ್ಟೇ ಇದೆ.

ಲೈನ್ ಮನೆಯ ವಿಚಾರ ಹೀಗಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯು ವಸತಿ, ವೈದ್ಯಕೀಯ ನೆರವು, ಶಿಶುಪಾಲನಾ ಕೇಂದ್ರ, ಶಾಲೆ ಇವನ್ನು ಮಾಲೀಕನ ಹೊಣೆಯಾಗಿಸಿತು. 1981ರ ತಿದ್ದುಪಡಿಯ ಬಳಿಕ ಅದು ಅನ್ವಯಿಸುವ ಮಿತಿ 5 ಹೆಕ್ಟೇರ್ ಮತ್ತು 15 ಕಾರ್ಮಿಕರಿಗೆ ಇಳಿಯಿತು, ಮನೆ ಕುಸಿದು ಸಾವುನೋವಾದರೆ ಮಾಲೀಕನೇ ಪರಿಹಾರ ಕೊಡಬೇಕೆಂಬ ನಿಯಮವೂ ಸೇರಿತು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಇವು ಕಾರ್ಮಿಕರು ಹೋರಾಡಿ ಪಡೆದ ರಕ್ಷಣೆಗಳು. ಇವುಗಳನ್ನು ಕಿತ್ತುಹಾಕಬೇಕೆಂಬ ವಾದಕ್ಕೆ ಈ ಲೇಖನವನ್ನು ಯಾರೂ ಬಳಸಿಕೊಳ್ಳಬಾರದು. ನನ್ನ ಮಾತು ಇಷ್ಟೇ: ಒಂದೇ ಸೂರಿನಡಿ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಆ ಸಾಲುಮನೆ ಕೆಲಸದೊಂದಿಗೆ ಬರುತ್ತದೆ, ಕೆಲಸದೊಂದಿಗೇ ಹೋಗುತ್ತದೆ. ತನ್ನದೆಂಬ ಬೇರೆ ನೆಲೆಯಿಲ್ಲದ ಕುಟುಂಬಕ್ಕೆ ಕೆಲಸ ಬಿಡುವುದೆಂದರೆ ಸಂಬಳದ ಜೊತೆಗೆ ಸೂರು, ನೀರು, ನೆರೆಹೊರೆ ಎಲ್ಲವನ್ನೂ ಒಟ್ಟಿಗೆ ಬಿಡುವುದು. ಬಟವಾಡೆಯಲ್ಲಿ ಮುರಿದುಕೊಳ್ಳುವ ಮುಂಗಡದ ಬಾಕಿಯಿದ್ದರೆ ಈ ಗಂಟು ಇನ್ನೂ ಬಿಗಿಯಾಗುತ್ತದೆ. ಜೀತಪದ್ಧತಿಯನ್ನು 1976ರ ಕಾಯ್ದೆ ರದ್ದುಗೊಳಿಸಿತು. ಆದರೆ ಸಾಲ, ಸೂರು, ಕೆಲಸ ಮೂರೂ ಒಂದೇ ಕೈಯಲ್ಲಿದ್ದಾಗ ಕಾನೂನಿನ ಕಣ್ಣಿಗೆ ಜೀತವಲ್ಲದ ಸಂಬಂಧದಲ್ಲೂ ಬೇಡವೆನ್ನುವ ಶಕ್ತಿ ಕುಂದುತ್ತದೆ.

ಇಲ್ಲಿಂದ ನನ್ನ ಮುಖ್ಯ ಪ್ರತಿಪಾದನೆಗೆ ಬರುತ್ತೇನೆ. ಉದ್ಯೋಗಕ್ಕೆ ಕಟ್ಟಿಹಾಕಿದ ವಸತಿಯ ಗುಣಮಟ್ಟ ಏರಿದರೆ ಸಾಮರ್ಥ್ಯ ಮತ್ತು ಬಾಂಧವ್ಯದ ತಣಿವು ಏರಬಹುದು, ಅದೇ ಏರಿಕೆ ಸ್ವಾಯತ್ತತೆಯನ್ನು ಕುಗ್ಗಿಸಲೂಬಹುದು. ಮನೆ ಒಳ್ಳೆಯದಾದಷ್ಟೂ ಬಿಟ್ಟುಹೋಗುವುದರ ಬೆಲೆ ಹೆಚ್ಚುತ್ತದೆ. ಇದನ್ನು ಎಲ್ಲ ತೋಟಗಳಿಗೂ ಹೇಳುತ್ತಿಲ್ಲ. ಕೊಡಗಿನ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು, ಅವುಗಳಲ್ಲಿ ಕಾಯ್ದೆಯ ವ್ಯಾಪ್ತಿಗೆ ಬಾರದವು ಅನೇಕ. ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ಬೆಳಗ್ಗೆ ಜೀಪಿನಲ್ಲಿ ಬಂದು ಸಂಜೆ ಹಿಂದಿರುಗುವವರಿಗೂ ಇದು ಅನ್ವಯಿಸದು. ಜಮೀನಾಗಲೀ ಹಕ್ಕುಪತ್ರವಿರುವ ನಿವೇಶನವಾಗಲೀ ಇಲ್ಲದ ಎರವ, ಜೇನುಕುರುಬ, ಪಣಿಯ ಮುಂತಾದ ಕುಟುಂಬಗಳಿಗೆ ಮಾತ್ರ, ಅದೂ ತಲೆಮಾರುಗಳಿಂದ ಲೈನಿನಲ್ಲೇ ಉಳಿದವರಿಗೆ ಮಾತ್ರ, ಇದನ್ನು ಸೀಮಿತಗೊಳಿಸುತ್ತೇನೆ.

ಆಧಾರವೇನು? ಪ್ರಯೋಗದಿಂದ ಬಂದ ಸಾಕ್ಷ್ಯವಲ್ಲ, ಒಂದು ಸಾರ್ವಜನಿಕ ಘಟನೆ. 2016ರಲ್ಲಿ ಸಿದ್ದಾಪುರ ಸಮೀಪದ ದಿಡ್ಡಳ್ಳಿಯ ಅರಣ್ಯದಂಚಿನಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳು ಗುಡಿಸಲು ಹಾಕಿಕೊಂಡಿದ್ದವು. ಅವರಲ್ಲಿ ಅನೇಕರು ಕಾಫಿ ತೋಟದ ಲೈನುಗಳಿಂದ ಹೊರಬಂದವರು. ಆ ವರ್ಷದ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಗುಡಿಸಲುಗಳನ್ನು ಕೆಡವಿತು. ದೀರ್ಘ ಹೋರಾಟದ ನಂತರ ಕುಶಾಲನಗರ ಬಳಿಯ ಬಸವನಹಳ್ಳಿ, ಬ್ಯಾಡಗೊಟ್ಟ ಮೊದಲಾದೆಡೆ ಪುನರ್ವಸತಿ ದೊರೆಯಿತು. ಮಾದರಿಯ ಭಾಷೆಯಲ್ಲಿ ಹೇಳುವುದಾದರೆ ಇವರು ಒಂದು ಸಂಪನ್ಮೂಲವನ್ನು ತಾವಾಗಿ ತೊರೆದರು. ಕಲ್ಲಿನದೋ ಇಟ್ಟಿಗೆಯದೋ ಗೋಡೆ, ಹೆಂಚಿನ ಸೂರು, ಕೆಲಸಕ್ಕೆ ಹತ್ತಿರದ ನೆಲೆ ಇವನ್ನು ಬಿಟ್ಟು ಆನೆ ಓಡಾಡುವ ಕಾಡಿನಂಚಿನಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಲಗಿದರು. ಸಂಪನ್ಮೂಲವು ಅಗತ್ಯವನ್ನು ತಣಿಸುತ್ತದೆ ಎಂಬುದಷ್ಟೇ ನಿಜವಾಗಿದ್ದರೆ ಈ ನಡೆಗೆ ಅರ್ಥ ಸಿಗದು.

ಮೂರು ಆಕ್ಷೇಪಣೆಗಳು ಬರಬಹುದು, ಮೂರೂ ಗಂಭೀರವಾದವು. ಲೈನ್ ಮನೆಗಳು ಕಳಪೆಯಾಗಿದ್ದವು, ಇದು ಸಂಪನ್ಮೂಲದ ಕೊರತೆಯ ಕಥೆ ಎಂಬುದು ಮೊದಲನೆಯದು. ಅನೇಕ ಲೈನುಗಳ ಸ್ಥಿತಿ ಹೀನಾಯವೆಂಬುದು ನಿಜ. ಆದರೆ ಕೊರತೆಯೊಂದೇ ಕಾರಣವಾಗಿದ್ದರೆ ಜನ ಒಳ್ಳೆಯ ಲೈನ್ ಇರುವ ತೋಟ ಹುಡುಕಬೇಕಿತ್ತು, ಸೂರಿಲ್ಲದ ನೆಲವನ್ನಲ್ಲ.

ಎರಡನೆಯದು ಇನ್ನೂ ಬಲವಾದದ್ದು. ದಿಡ್ಡಳ್ಳಿಯದು ಭೂಮಿಯ ಹೋರಾಟ. ಹಕ್ಕುಪತ್ರ ಸ್ವತಃ ದೊಡ್ಡ ಆಸ್ತಿ, ಅದಕ್ಕಾಗಿ ಕೆಲವು ತಿಂಗಳ ಕಷ್ಟ ಸಹಿಸುವುದು ಲೆಕ್ಕಾಚಾರದ ನಡೆ, ಅದಕ್ಕೆ ಮಾನಸಿಕ ಅಗತ್ಯದ ವಿವರಣೆ ಬೇಕಿಲ್ಲ ಎನ್ನಬಹುದು. ಇದನ್ನು ಪೂರ್ತಿ ತಳ್ಳಿಹಾಕಲಾರೆ. ಸಂಘಟಿತ ಹೋರಾಟದಿಂದ ಒಬ್ಬೊಬ್ಬರ ಮನಸ್ಸನ್ನು ಓದುವುದು ಅಪಾಯದ ಕೆಲಸ. ಜನ ಸಂಪನ್ಮೂಲವನ್ನು ಬಿಟ್ಟರೆಂಬುದನ್ನು ದಿಡ್ಡಳ್ಳಿ ಸಾಬೀತುಮಾಡುತ್ತದೆ, ಏಕೆ ಬಿಟ್ಟರೆಂಬುದನ್ನಲ್ಲ. ಆದರೂ ಗಮನಿಸಬೇಕಾದ ಒಂದು ಅಂಶವಿದೆ. ಅವರು ಕೇಳಿದ್ದು ಯಾರ ಕೆಲಸಕ್ಕೂ ಕಟ್ಟಿಹಾಕದ ನೆಲೆಯನ್ನು. ಆಸ್ತಿ ಮತ್ತು ಸ್ವಾಯತ್ತತೆ ಇಲ್ಲಿ ಪರಸ್ಪರ ವಿರೋಧಿ ವಿವರಣೆಗಳಲ್ಲ. ಹಕ್ಕುಪತ್ರದ ಬೆಲೆಯ ಒಂದು ಭಾಗವೇ ಬೇಡವೆನ್ನುವ ಸ್ವಾತಂತ್ರ್ಯ.

ಮೂರನೆಯದು ಸಿದ್ಧಾಂತದೊಳಗಿನಿಂದ ಬರುವ ಆಕ್ಷೇಪಣೆ. ಡೆಸಿ ಮತ್ತು ರಯಾನ್ ಪ್ರಕಾರ ಸ್ವಾಯತ್ತತೆ ಎಂದರೆ ಆಯ್ಕೆಗಳ ಎಣಿಕೆಯಲ್ಲ, ಮಾಡುವುದನ್ನು ಮನಃಪೂರ್ವಕವಾಗಿ ಮಾಡುವ ಅನುಭವ. ಲೈನಿನಲ್ಲಿ ಹುಟ್ಟಿ ಬೆಳೆದವಳೊಬ್ಬಳು ಅಲ್ಲಿರುವುದನ್ನು ಮನಸಾರೆ ಒಪ್ಪಿರಬಹುದು. ಇರಬಹುದು, ಒಪ್ಪುತ್ತೇನೆ. ಆದರೆ ಅದನ್ನು ಅಳೆಯುವ ಸಾಧನ ನಮ್ಮಲ್ಲಿದೆಯೇ? ಈಗ ಬಳಕೆಯಲ್ಲಿರುವ ಪ್ರಶ್ನಾವಳಿಗಳು ಕೆಲಸದ ವೇಳೆಯ ಅನುಭವವನ್ನು ಕೇಳುತ್ತವೆ. ಕೆಲಸ ಮುಗಿಸಿ ಮನೆಗೆ ಹೋಗುವವರಿಗೆ ಅವು ಸರಿಯಾದ ಪ್ರಶ್ನೆಗಳು. ಲೈನಿನವರಿಗೆ ಕೆಲಸದ ಗಡಿ ಸಂಜೆ ತೂಕಕ್ಕೆ ಮುಗಿಯುವುದಿಲ್ಲ. ಬಂದ ನೆಂಟರು ಎಷ್ಟು ದಿನ ಉಳಿಯಬಹುದು, ದೊಡ್ಡವನಾದ ಮಗ ಬೇರೆ ಕಡೆ ಕೆಲಸಕ್ಕೆ ಹೋದರೆ ಮನೆಯ ಗತಿಯೇನು ಎಂಬ ಪ್ರಶ್ನೆಗಳೂ ಮಾಲೀಕನ ಮರ್ಜಿಗೆ ಒಳಪಡುತ್ತವೆ. ಇವನ್ನು ಕೇಳದ ಪ್ರಶ್ನಾವಳಿ ಸ್ವಾಯತ್ತತೆ ಕುಗ್ಗುವ ಜಾಗವನ್ನೇ ಹೊರಗಿಡುತ್ತದೆ.

ಈ ಮೂರು ಆಕ್ಷೇಪಣೆಗಳಿಗೆ ಕೊಟ್ಟ ಉತ್ತರಗಳಿಗಿಂತ ನನ್ನ ಪರವಾಗಿ ಹೆಚ್ಚು ತೂಕವಿರುವುದು ಒಂದು ಹೋಲಿಕೆಗೆ. ಕಳೆದ ಕೆಲವು ವರ್ಷಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳಗಳಿಂದ ಬಂದ ಕಾರ್ಮಿಕರು ಕೊಡಗಿನ ಅದೇ ಲೈನುಗಳಲ್ಲಿ ನೆಲೆಸಿದ್ದಾರೆ. ಅದೇ ಗೋಡೆ, ಅದೇ ನಲ್ಲಿ, ಅದೇ ರೈಟರ್. ಊರಲ್ಲಿ ಸ್ವಂತದ್ದೊಂದು ಮನೆ, ಹಿಂದಿರುಗುವ ದಾರಿ ಇರುವವರಿಗೆ ಲೈನ್ ಮನೆ ಬಾಡಿಗೆ ಉಳಿಸುವ ಅನುಕೂಲ. ಕೂಲಿ ಸರಿಹೋಗದಿದ್ದರೆ ಕೊಯ್ಲಿನ ನಡುವೆಯೇ ಇನ್ನೊಂದು ತೋಟಕ್ಕೆ ಹೊರಟುಬಿಡಬಹುದು. ಬೇರೆ ನೆಲೆಯಿಲ್ಲದ ಎರವ ಕುಟುಂಬಕ್ಕೆ ಅದೇ ಕೋಣೆ ಬೇರೆಯದೇ ಅರ್ಥ ಕೊಡುತ್ತದೆ. ಇಲ್ಲೂ ಎಚ್ಚರ ಬೇಕು. ಗುತ್ತಿಗೆದಾರನ ಮುಂಗಡ ಹೊತ್ತು ಬಂದ ವಲಸಿಗ ಲೈನಿಗೆ ಕಟ್ಟುಬೀಳದಿದ್ದರೂ ಗುತ್ತಿಗೆದಾರನಿಗೆ ಕಟ್ಟುಬಿದ್ದಿರುತ್ತಾನೆ. ಹಾಗಿದ್ದರೂ ಒಂದೇ ಸೌಲಭ್ಯ ಇಬ್ಬರ ಮೇಲೆ ಎರಡು ಬಗೆಯಲ್ಲಿ ಕೆಲಸ ಮಾಡುವುದಾದರೆ, ಪರಿಣಾಮವನ್ನು ನಿರ್ಧರಿಸುವುದು ಸೌಲಭ್ಯದ ಪ್ರಮಾಣವಷ್ಟೇ ಅಲ್ಲ, ಅದನ್ನು ಬಿಟ್ಟರೆ ಉಳಿಯುವುದೇನು ಎಂಬುದೂ ಆಗಿದೆ.

ಅಗತ್ಯವನ್ನು ಹಿಸುಕುವಂಥದ್ದು ವ್ಯಾಖ್ಯೆಯ ಪ್ರಕಾರ ಸಂಪನ್ಮೂಲವೇ ಅಲ್ಲ, ಅದು ಹೊರೆ ಎಂದು ಮಾದರಿಯ ಸಮರ್ಥಕರು ಹೇಳಬಹುದು. ಈ ಉತ್ತರ ಮಾದರಿಯನ್ನು ಉಳಿಸುತ್ತದೆ, ಆದರೆ ತುಂಬ ದುಬಾರಿ ಬೆಲೆಗೆ. ಪರಿಣಾಮ ನೋಡಿದ ಮೇಲೆ ಹೆಸರಿಡುವುದಾದರೆ ಸಂಪನ್ಮೂಲವು ಅಗತ್ಯವನ್ನು ತಣಿಸುತ್ತದೆ ಎಂಬ ಹೇಳಿಕೆಯನ್ನು ಯಾವ ಅಧ್ಯಯನವೂ ಸುಳ್ಳೆಂದು ತೋರಿಸಲಾಗದು. ಲೈನ್ ಮನೆ ಏಕಕಾಲಕ್ಕೆ ಎರಡೂ ಆಗಿರಬಲ್ಲದು ಎಂದು ಒಪ್ಪುವುದೇ ಮೇಲು. ಲೈನಿನ ನೆರೆಹೊರೆ ಕೊಡುವ ಬಾಂಧವ್ಯ ಸಣ್ಣದಲ್ಲ. ಒಬ್ಬಳು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಅಜ್ಜಿ ಮಗುವನ್ನು ನೋಡಿಕೊಳ್ಳುತ್ತಾಳೆ, ಜ್ವರ ಬಂದರೆ ಗಂಜಿ ಬರುತ್ತದೆ. ಆ ನೆಲೆಯನ್ನು ಬಿಟ್ಟವರು ಇದನ್ನೂ ಬಿಟ್ಟರು.

ಹೀಗಾಗಿ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನಡೆಯಬೇಕಾದ ಅಧ್ಯಯನ ಈ ಲೇಖನಕ್ಕಿಂತ ಮುಖ್ಯವಾದದ್ದು. ಸಿದ್ದಾಪುರ ಸುತ್ತಲಿನ ತೋಟಗಳಿಂದ ದೂರ ಸರಿದ ಈ ಕುಟುಂಬಗಳಲ್ಲಿ ಕೂಲಿಗೆ ಹೋಗುವ, ಹೋಗದಿರುವ ನಿರ್ಧಾರ ಹೇಗೆ ಬದಲಾಗಿದೆ? ಸ್ವಂತ ಬಾಗಿಲು ಸಿಕ್ಕ ಹೆಂಗಸರಿಗೂ ಗಂಡಸರಿಗೂ ಅದು ಒಂದೇ ಬಗೆಯ ಸ್ವಾಯತ್ತತೆ ತಂದಿದೆಯೇ? ಲೈನಿನಲ್ಲಿದ್ದ ಬಾಂಧವ್ಯ ಹೊಸ ಬೀದಿಗಳಲ್ಲಿ ಮತ್ತೆ ಕೂಡಿಕೊಂಡಿದೆಯೇ? ಈ ಪ್ರಶ್ನೆಗಳನ್ನು ಕನ್ನಡದಲ್ಲಷ್ಟೇ ಅಲ್ಲ, ಎರವ ಮತ್ತು ಜೇನುಕುರುಬ ನುಡಿಗಳಲ್ಲಿ ಕೇಳಬೇಕು, ಕೇಳುವವರು ತೋಟದ ರೈಟರ್ ಜೊತೆಯಲ್ಲಿ ಬಂದವರಾಗಿರಬಾರದು. ಲೈನಿನಲ್ಲೇ ಉಳಿದವರನ್ನೂ ಇದೇ ಅಧ್ಯಯನದಲ್ಲಿ ಸೇರಿಸದ ಹೊರತು, ಮನೆಯ ಗುಣಮಟ್ಟಕ್ಕೂ ಸ್ವಾಯತ್ತತೆಗೂ ನಾನು ಸೂಚಿಸಿದ ವಿಲೋಮ ಸಂಬಂಧ ಒಂದು ಊಹೆಯಾಗಿಯೇ ಉಳಿಯುತ್ತದೆ.