ಕರ್ನಾಟಕ ಕರಾವಳಿಯ ಕಡಲಾಮೆಗಳು

ಕಡಲಾಮೆಗಳು ಸಮುದ್ರದಲ್ಲಿ ವಾಸಿಸುವ ಸರೀಸೃಪಗಳು. ಕೆರೆ, ಹೊಳೆಗಳ ಆಮೆಯಂತೆ ಇವು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳಲಾರವು. ಇವುಗಳ ಕಾಲುಗಳು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿ ಈಜಲು ಒದಗುತ್ತವೆ. ಜಗತ್ತಿನ ಏಳು ಪ್ರಭೇದಗಳ ಪೈಕಿ ಆಲಿವ್ ರಿಡ್ಲೆ, ಹಸಿರು ಕಡಲಾಮೆ, ಹಾಕ್ಸ್‌ಬಿಲ್, ಲೆದರ್‌ಬ್ಯಾಕ್ ಮತ್ತು ಲಾಗರ್‌ಹೆಡ್ ಎಂಬ ಐದು ಭಾರತದ ಕಡಲಿನಲ್ಲಿವೆ. ಮಾಜಾಳಿಯಿಂದ ತಲಪಾಡಿಯವರೆಗೆ ಸುಮಾರು 320 ಕಿ.ಮೀ. ಉದ್ದದ ಕರ್ನಾಟಕ ಕರಾವಳಿಯಲ್ಲಿ ಮೊಟ್ಟೆಯಿಡಲು ಬರುವುದು ಮುಖ್ಯವಾಗಿ ಆಲಿವ್ ರಿಡ್ಲೆ.

ಆಲಿವ್ ರಿಡ್ಲೆ

ಹಸಿರು ಬೆರೆತ ಬೂದು ಬಣ್ಣದ ಈ ಆಮೆಯ ಚಿಪ್ಪು 60ರಿಂದ 70 ಸೆಂ.ಮೀ. ಉದ್ದವಿರುತ್ತದೆ. ಒಡಿಶಾದ ಗಹಿರ್‌ಮಠ ಹಾಗೂ ಋಷಿಕುಲ್ಯಾ ತೀರಗಳಲ್ಲಿ ಇವು ಸಾವಿರಗಟ್ಟಲೆ ಒಟ್ಟಾಗಿ ಮೊಟ್ಟೆಯಿಡುತ್ತವೆ. ಕರ್ನಾಟಕದಲ್ಲಿ ಅಂತಹ ಸಾಮೂಹಿಕ ದೃಶ್ಯವಿಲ್ಲ. ಒಂಟಿ ಹೆಣ್ಣಾಮೆ ಚಳಿಗಾಲದ ರಾತ್ರಿಗಳಲ್ಲಿ ಸದ್ದಿಲ್ಲದೆ ಬಂದು ಹೋಗುತ್ತದೆ. ಆದುದರಿಂದಲೇ ಇಲ್ಲಿನ ಗೂಡುಗಳು ಬಹುಕಾಲ ಹೊರಗಿನವರ ಗಮನಕ್ಕೆ ಬರಲಿಲ್ಲ ಎನ್ನಬಹುದು. ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರ ತಾಲ್ಲೂಕಿನ ಕಡಲತೀರ, ಮಂಗಳೂರು ಸಮೀಪದ ಸಸಿಹಿತ್ಲು ಮುಂತಾದೆಡೆ ಗೂಡುಗಳು ಕಂಡುಬಂದಿವೆ.

ಹೆಣ್ಣಾಮೆಯು ಉಬ್ಬರದ ನೀರು ತಲುಪದ ಒಣ ಮರಳನ್ನು ಆರಿಸಿ, ಹಿಂಗಾಲುಗಳಿಂದ ಹೂಜಿಯಾಕಾರದ ಕುಳಿ ತೋಡಿ ಸುಮಾರು ನೂರು ಮೊಟ್ಟೆಗಳನ್ನಿಡುತ್ತದೆ. ಅನಂತರ ಮರಳು ಮುಚ್ಚಿ, ಮೈಯಿಂದಲೇ ಬಡಿದು ಸಮಗೊಳಿಸಿ ಕಡಲಿಗೆ ಮರಳುತ್ತದೆ. ಮರಿಗಳ ಮುಖವನ್ನು ಅದು ಕಾಣುವುದಿಲ್ಲ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಳು ಹೆಚ್ಚು ಬೆಚ್ಚಗಿದ್ದರೆ ಹೆಣ್ಣುಮರಿಗಳು, ತಂಪಾಗಿದ್ದರೆ ಗಂಡುಮರಿಗಳು ಅಧಿಕ. ಮರಿಗಳು ಕಡಲಿನ ಮೇಲಿನ ಮಂದ ಬೆಳಕನ್ನು ಅನುಸರಿಸಿ ನೀರು ಸೇರುತ್ತವೆ. ದಡದ ವಿದ್ಯುದ್ದೀಪಗಳು ಅವನ್ನು ದಾರಿ ತಪ್ಪಿಸಿ ರಸ್ತೆಯ ಕಡೆಗೆ ಸೆಳೆಯುತ್ತವೆ.

ಇತರ ಪ್ರಭೇದಗಳು

ಹಸಿರು ಕಡಲಾಮೆಗೆ ಆ ಹೆಸರು ಬಂದದ್ದು ಚಿಪ್ಪಿನಿಂದಲ್ಲ, ಒಳಗಿನ ಹಸಿರು ಕೊಬ್ಬಿನಿಂದ. ಬೆಳೆದ ಆಮೆ ಪ್ರಧಾನವಾಗಿ ಕಡಲಹುಲ್ಲು ಹಾಗೂ ಪಾಚಿಯನ್ನು ಮೇಯುತ್ತದೆ. ಗಿಡುಗನ ಕೊಕ್ಕಿನಂತಹ ಮೂತಿಯುಳ್ಳ ಹಾಕ್ಸ್‌ಬಿಲ್, ಬಾಚಣಿಗೆ ಮತ್ತು ಆಭರಣಗಳಿಗೆ ಬಳಕೆಯಾಗುತ್ತಿದ್ದ ತನ್ನ ಸುಂದರ ಚಿಪ್ಪಿನಿಂದಾಗಿಯೇ ಅಳಿವಿನಂಚಿಗೆ ಬಂದಿದೆ. ಲೆದರ್‌ಬ್ಯಾಕ್ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಗಟ್ಟಿ ಚಿಪ್ಪಿಲ್ಲ, ತೊಗಲಿನಂತಹ ಬೆನ್ನಿದೆ. ಲಾಗರ್‌ಹೆಡ್ ಭಾರತದಲ್ಲಿ ವಿರಳ.

ಅಪಾಯಗಳು ಮತ್ತು ಸಂರಕ್ಷಣೆ

ಕಡಲಾಮೆ ಶ್ವಾಸಕೋಶದಿಂದ ಉಸಿರಾಡುವುದರಿಂದ ಟ್ರಾಲ್ ಬಲೆಯಲ್ಲಿ ಸಿಲುಕಿದರೆ ಮೇಲೆ ಬರಲಾಗದೆ ಸಾಯುತ್ತದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಮೀನುಗಳ ಸಂತಾನವೃದ್ಧಿಗೆ ಇದು ಅನುಕೂಲವಾದರೂ ಆಮೆಗಳು ದಡ ಸಮೀಪಿಸುವ ಚಳಿಗಾಲಕ್ಕೆ ಅನ್ವಯಿಸುವುದಿಲ್ಲ. ಕೊರೆತ ತಡೆಯಲು ಸುರಿದ ಬಂಡೆಗಲ್ಲುಗಳು ಆಮೆಯ ದಾರಿಗೆ ಅಡ್ಡವಾಗಿವೆ. ನಾಯಿ, ನರಿಗಳು ಗೂಡನ್ನು ಬಗೆಯುತ್ತವೆ. ಜೆಲ್ಲಿಮೀನೆಂದು ಭ್ರಮಿಸಿ ಪ್ಲಾಸ್ಟಿಕ್ ನುಂಗಿ ಸಾಯುವ ಆಮೆಗಳೂ ಉಂಟು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಕಡಲಾಮೆಗಳು ಸೇರಿವೆ. ಮೊಟ್ಟೆ ತೆಗೆಯುವುದೂ ಅಪರಾಧ. ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ತಿಳಿಸುವುದು, ಇಲಾಖೆಯು ಅದರ ಸುತ್ತ ಬೇಲಿ ಕಟ್ಟಿ ಕಾಯುವುದು ಈಗ ಹಲವೆಡೆ ರೂಢಿಯಲ್ಲಿದೆ. ಕಾಸರಕೋಡು ಟೊಂಕದ ಬಂದರು ಯೋಜನೆಯನ್ನು ವಿರೋಧಿಸಿದ ಮೀನುಗಾರರು ತಮ್ಮ ಜೀವನೋಪಾಯದ ಜೊತೆಗೆ ಆಮೆಗಳ ಗೂಡುಗಳನ್ನೂ ಕಾರಣವಾಗಿ ಮುಂದಿಟ್ಟರು.