ಬಾಣ ಕೂರುವ ಜಾಗದ ಕಥೆ

ಬಿಲ್ಲು ಎಂದೊಡನೆ ಕಣ್ಣಿಗೆ ಕಟ್ಟುವುದು ಬಿಗಿದ ಹೆದೆ, ಹರಿತವಾದ ಮೊನೆ. ಹೆದೆ ಎಳೆದಾಗ ಬಾಣದ ಮುಂಭಾಗ ಯಾವುದರ ಮೇಲೆ ಕೂತಿರುತ್ತದೆ ಎಂದು ಕೇಳುವವರು ಕಡಿಮೆ. ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೊರಡುವವರಿಗೆ ಮಾತ್ರ ಇದು ದೊಡ್ಡ ಪ್ರಶ್ನೆ. ಅಲ್ಲಿನ ಅಂಗಡಿಗಳಲ್ಲಿ ಇದಕ್ಕೆಂದೇ 'ಆರೋ ರೆಸ್ಟ್' ಎಂಬ ಪುಟ್ಟ ಆಸರೆಗಳು ಹಲವು ಬಗೆಯಲ್ಲಿ ಸಿಗುತ್ತವೆ.

ಶತಮಾನಗಳ ಕಾಲ ಈ ಆಸರೆ ಬಿಲ್ಲುಗಾರನ ಕೈಯೇ ಆಗಿತ್ತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ 'ಮೇರಿ ರೋಸ್' ಹಡಗಿನಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು ದೊರೆತವು. ಯೂ ಮರದ ಆ ಉದ್ದನೆಯ ಬಿಲ್ಲುಗಳಲ್ಲಿ ಬಾಣ ಇಡಲು ಕೆತ್ತಿದ ಜಾಗವೇ ಇಲ್ಲ. ಬಿಲ್ಲು ಹಿಡಿದ ಎಡಗೈಯ ಬೆರಳಿನ ಗೆಣ್ಣೇ ಸಾಕಿತ್ತು. ಬೆರಳುಗಳಿಂದ ಹೆದೆ ಎಳೆಯುವ ಯುರೋಪಿನವರು ಬಾಣವನ್ನು ಬಿಲ್ಲಿನ ಎಡಕ್ಕಿಟ್ಟರೆ, ಹೆಬ್ಬೆರಳಿನಿಂದ ಎಳೆಯುವ ಮಂಗೋಲರು, ತುರ್ಕರು, ಜಪಾನೀಯರು ಬಲಕ್ಕೆ, ಎಡಗೈ ಹೆಬ್ಬೆರಳಿನ ಮೇಲಿಟ್ಟರು. (ದ್ರೋಣ ಏಕಲವ್ಯನಿಂದ ಕೇಳಿದ್ದೂ ಹೆಬ್ಬೆರಳನ್ನೇ ಎಂಬುದು ಇಲ್ಲಿ ನೆನಪಾಗದೇ ಇರದು.)

ಪಕ್ಕದಲ್ಲಿ ಕೂತ ಬಾಣ ನೇರವಾಗಿ ಗುರಿ ಮುಟ್ಟುವುದು ಹೇಗೆ? 1930ರ ದಶಕದಲ್ಲಿ ವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ಇದಕ್ಕೆ ಉತ್ತರ ತೋರಿಸಿದರು. ಹೆದೆ ಬಿಟ್ಟೊಡನೆ ಬಾಣ ಮೀನಿನಂತೆ ಬಳುಕಿ, ಬಿಲ್ಲನ್ನು ಬಳಸಿಕೊಂಡು ಹೋಗುತ್ತದೆ. ಹಾಗೆ ಹೋಗುವಾಗ ಅದರ ಗರಿ ಆಸರೆಗೆ ತಗುಲಿದರೆ ದಾರಿ ತಪ್ಪುತ್ತದೆ.

ಅಷ್ಟರಲ್ಲಿ ಬಿಲ್ಲುಬೇಟೆ ಅಮೆರಿಕದಲ್ಲಿ ಮತ್ತೆ ತಲೆಯೆತ್ತಿತ್ತು. 1911ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್‌ನಲ್ಲಿ ಒಬ್ಬಂಟಿಯಾಗಿ ಕಾಣಿಸಿಕೊಂಡ ಯಾಹಿ ಬುಡಕಟ್ಟಿನ ಇಶಿ, ವೈದ್ಯ ಸ್ಯಾಕ್ಸ್‌ಟನ್ ಪೋಪ್‌ಗೆ ತನ್ನ ವಿದ್ಯೆ ಕಲಿಸಿದ. ಆತ 1916ರಲ್ಲಿ ತೀರಿಕೊಂಡ. ಪೋಪ್ 1923ರಲ್ಲಿ ಬರೆದ ಪುಸ್ತಕ ಅನೇಕರ ಕೈಗೆ ಬಿಲ್ಲು ಕೊಟ್ಟಿತು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲುಗಾರರಿಗೆಂದೇ ಜಿಂಕೆ ಬೇಟೆಯ ಋತು ಗೊತ್ತುಮಾಡಿತು. ನಮ್ಮಲ್ಲಿ ಜಿಂಕೆ ಬೇಟೆ ಅಪರಾಧ; ಅಲ್ಲಿ ಪರವಾನಗಿ ಪಡೆದು ಆಡುವುದು.

ಮುಂದೆ ಹಿಡಿಯ ಮೇಲ್ಭಾಗವನ್ನು ಮಧ್ಯದವರೆಗೆ ಕೆತ್ತಿದ ಬಿಲ್ಲುಗಳು ಬಂದವು. ಬಾಣ ಬೆರಳನ್ನು ಬಿಟ್ಟು ಬಿಲ್ಲಿನ ಮೇಲೇ ಕೂತಿತು. ಮಿಸೌರಿಯ ಹೋಲೆಸ್ ವಿಲ್ಬರ್ ಆಲೆನ್ 1969ರಲ್ಲಿ ಪೇಟೆಂಟ್ ಪಡೆದ, ರಾಟೆಗಳುಳ್ಳ ಕಾಂಪೌಂಡ್ ಬಿಲ್ಲು ಎಲ್ಲವನ್ನೂ ಬದಲಿಸಿತು. ಹೆದೆಯನ್ನು ಬೆರಳಿಗೆ ಬದಲು ಕುದುರೆಯುಳ್ಳ ಕೊಕ್ಕೆಯಿಂದ ಬಿಡುವ ರೂಢಿ ಬೆಳೆದ ಮೇಲೆ ಬಾಣ ಪಕ್ಕಕ್ಕಿಂತ ಮೇಲೆ ಕೆಳಗೆ ಹೆಚ್ಚು ಬಳುಕತೊಡಗಿತು. ಆದ್ದರಿಂದ ಆಸರೆ ಕೆಳಗಿನಿಂದ ಬರಬೇಕಾಯಿತು.

ಮೈದಾನದ ಸ್ಪರ್ಧಿಗೆ ನಿಖರತೆ ಒಂದಿದ್ದರೆ ಸಾಕು. ಬೇಟೆಗಾರ ಮರವೇರಿ, ಚಳಿಯಲ್ಲಿ ನಡುಗುತ್ತಾ ಗಂಟೆಗಟ್ಟಲೆ ಕಾಯುವವನು. ಬಾಣ ಜಾರಿ ಲೋಹಕ್ಕೆ 'ಟಿಕ್' ಎಂದು ತಗುಲಿದರೆ ಜಿಂಕೆ ಕಿವಿ ನಿಮಿರಿಸುತ್ತದೆ. ಇಂದಿನ ವೇಗದ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 90 ಮೀಟರ್ ಹೋದರೆ ಶಬ್ದ 340 ಮೀಟರ್ ಹೋಗುತ್ತದೆ. ಬೆದರಿದ ಪ್ರಾಣಿ ಬಾಣ ಬರುವ ಮೊದಲೇ ಮೈ ಕುಗ್ಗಿಸುತ್ತದೆ. ಎಲ್ಲೋ ತಗುಲಿದ ಏಟಿನಿಂದ ಕಾಡಿನಲ್ಲಿ ನರಳಿ ಸಾಯುತ್ತದೆ. ಆಸರೆಯ ಆಯ್ಕೆ ಹಗುರ ವಿಷಯವಲ್ಲ.

ಈಗ ಮುಖ್ಯವಾಗಿ ಎರಡು ಮಾರ್ಗಗಳಿವೆ. ಒಂದರಲ್ಲಿ ಬ್ರಷ್ಷಿನಂಥ ಬಿರುಗೂದಲು ಬಾಣವನ್ನು ಸುತ್ತಲೂ ಅಪ್ಪಿ ಹಿಡಿಯುತ್ತದೆ. ಬಿಲ್ಲನ್ನು ತಲೆಕೆಳಗು ಮಾಡಿದರೂ ಬಾಣ ಬೀಳದು, ಆದರೆ ಗರಿ ಕೂದಲಿಗೆ ಉಜ್ಜಿಕೊಂಡೇ ಹೋಗಬೇಕು. ಇನ್ನೊಂದರಲ್ಲಿ ಹೆದೆ ಎಳೆದಾಗ ಮೇಲೇಳುವ ಕವಲು, ಬಿಟ್ಟೊಡನೆ ಕೆಳಗೆ ಬೀಳುತ್ತದೆ. ಗರಿಗೆ ಏನೂ ತಗುಲದು. ಆದರೆ ಇದರಲ್ಲಿ ದಾರ, ಸ್ಪ್ರಿಂಗುಗಳಿವೆ. ದಾರ ಸಡಿಲವಾದರೆ ಕವಲು ಸಮಯಕ್ಕೆ ಏಳದು. ದಟ್ಟ ಪೊದೆಗಳಲ್ಲಿ ನುಸುಳುವವನಿಗೆ ಮೊದಲನೆಯದೇ ವಾಸಿ ಎನ್ನಬೇಕು.

ಹಳೆಯ ಮಾದರಿಯ ಬಿಲ್ಲನ್ನೇ ನೆಚ್ಚಿದವರೂ ಇದ್ದಾರೆ. ಹಿಡಿಯ ಮೇಲೆ ಚರ್ಮದ ತುಂಡು ಅಂಟಿಸಿ ಬಾಣವನ್ನು ಅದರ ಮೇಲಿಡುತ್ತಾರೆ. ಗರಿ ಮಾತ್ರ ಪ್ಲಾಸ್ಟಿಕ್ಕಿನದಾಗದೆ ಹಕ್ಕಿಯದೇ ಆಗಿರಬೇಕು. ಬಿಲ್ಲಿಗೆ ತಗುಲಿದಾಗ ಅದು ಮಡಚಿಕೊಂಡು ದಾರಿ ಬಿಡುತ್ತದೆ.